ಅಂಬರನಾಥದ ಭವನ, ಮುರಬಾಡದ ಘರಕುಲ

ಡೊಂಬಿವಲಿಯಲ್ಲಿ ನಮ್ಮವರು ಇಬ್ಬರು ಕಲೆತರೆ ಮಾತು ಊರಿನ ಮಳೆಬೆಳೆಯಿಂದ ಹೊರಟು ಕೊನೆಗೆ ಮನೆಸಾಲದ ಕಂತಿಗೆ ಬಂದು ನಿಲ್ಲುತ್ತದೆ. ವರ್ಷಗಟ್ಟಲೆ ಕಂತು ಕಟ್ಟಿದ ನಾವು, ಇದೇ ಠಾಣೆ ಜಿಲ್ಲೆಯ ಹಳ್ಳಿಗಳವರು ಮನೆ ಹೇಗೆ ಕಟ್ಟಿಕೊಳ್ಳುತ್ತಾರೆಂದು ಒಮ್ಮೆಯಾದರೂ ವಿಚಾರಿಸಿದವರಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ, ಮಕ್ಕಳಿಗೆ ಅಂಬರನಾಥದ ಗುಡಿ ತೋರಿಸೋಣವೆಂದು ಹೊರಟ ನಮ್ಮ ಮೂರು ಸಂಸಾರಗಳಿಗೆ ಆ ವಿಷಯ ತಾನಾಗಿಯೇ ಎದುರಾಯಿತು.

ಗುಡಿ ಇರುವುದು ವಾಲಧುನಿ ಹೊಳೆಯ ದಂಡೆಯಲ್ಲಿ. ಕರಿಕಲ್ಲಿನ ಶಿವಾಲಯ, ಹೊರಗೋಡೆಯ ಮೇಲೆ ಒಂದು ಗೇಣು ಜಾಗವೂ ಬರಿದಾಗಿ ಉಳಿದಿಲ್ಲ. ಗರ್ಭಗುಡಿಗೆ ಹತ್ತುವುದಲ್ಲ, ಮೆಟ್ಟಿಲಿಳಿದು ಹೋಗಬೇಕು. ಒಳಗೆ ಕಾಲಿಟ್ಟೊಡನೆ ಹೊರಗಿನ ರಿಕ್ಷಾಗಳ ಗಲಾಟೆ ಅಡಗಿಹೋಯಿತು. ಇಲ್ಲಿನ ಶಾಸನ ಶಕ 982ರದು, ಅಂದರೆ ಕ್ರಿ.ಶ. 1060. ಶಿಲಾಹಾರ ಅರಸು ಮಾಮ್ವಾಣಿಯ ಕಾಲದಲ್ಲಿ ಅವನ ಅಣ್ಣ ಛಿತ್ತರಾಜನ ‘ಭವನ’ ಕಟ್ಟಿದ ಸಂಗತಿ ಅದರಲ್ಲಿದೆ. ಭವನವೆಂದರೆ ಅರಮನೆಯೋ ದೇವರ ಮನೆಯೋ ಎಂದು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಚರ್ಚಿಸಿದರು. ಇದನ್ನು ಕೇಳಿದ ನಮ್ಮ ಹುಡುಗನೊಬ್ಬ, “ಹಾಗಾದರೆ ಶಿವನಿಗೂ ಸರಕಾರವೇ ಮನೆ ಕಟ್ಟಿಸಿಕೊಟ್ಟಿತೇ?” ಎಂದ. ನಕ್ಕೆವು, ಉತ್ತರ ಹೊಳೆಯಲಿಲ್ಲ.

ಈ ಶಿಲಾಹಾರರು ನಮಗೆ ತೀರ ಪರಕೀಯರಲ್ಲ. ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದು, ಸ್ಥಾನಕವೆಂಬ ಈ ಠಾಣೆಯಿಂದ ಉತ್ತರ ಕೊಂಕಣವನ್ನು ಆಳಿದವರು. ಅವರ ಬಿರುದುಗಳಲ್ಲಿ ‘ನನ್ನಿಸಮುದ್ರ’ ಎಂಬುದೊಂದುಂಟು. ನನ್ನಿಯೆಂದರೆ ಸತ್ಯ, ಅಚ್ಚ ಹಳಗನ್ನಡ. ಛಿತ್ತರಾಜನ ಚಿಕ್ಕಪ್ಪ ಅರಿಕೇಸರಿ 1017ರಲ್ಲಿ ಬರೆಯಿಸಿದ ತಾಮ್ರಶಾಸನ 1787ರಲ್ಲಿ ಠಾಣೆಯ ಕೋಟೆಯಲ್ಲಿ ಅಗೆಯುವಾಗ ಸಿಕ್ಕಿತು. ಆ ಕೋಟೆಯೇ ಈಗಿನ ಸೆರೆಮನೆ. ದಾನ ಪಡೆದ ಪುರೋಹಿತನ ಹೆಸರು ತಿಕ್ಕಪಯ್ಯ. ಅಯ್ಯ ಎಂದು ಕೊನೆಗೊಳ್ಳುವ ಇಂಥ ಹೆಸರುಗಳು ಅವರ ಮಂತ್ರಿಗಳಲ್ಲಿಯೂ ಇವೆ. ಕೊಟ್ಟ ಭೂಮಿ ಯಾವುದು, ಯಾರಿಗೆ ಕೊಟ್ಟದ್ದು ಎಂಬುದನ್ನು ತಾಮ್ರದಲ್ಲಿ ಕೊರೆದಿಟ್ಟರು. ಕಾಗದವಾಗಿದ್ದರೆ ಗೆದ್ದಲಿಗೆ ಆಹಾರವಾಗುತ್ತಿತ್ತು.

ಬುತ್ತಿ ಮುಗಿಸಿ ಬದಲಾಪುರದ ಮೇಲಿಂದ ಬಾರವಿ ಅಣೆಕಟ್ಟಿನ ದಾರಿ ಹಿಡಿದು ಮುರಬಾಡದ ಕಡೆಗೆ ಹೊರಟೆವು. ಎರಡೂ ಬದಿಗೆ ಸಾಗುವಾನಿಯ ಕಾಡು, ಕೊಯ್ದು ಮುಗಿಸಿದ ಭತ್ತದ ಗದ್ದೆ. ಪಾಡಾಗಳ ಅಂಚಿನಲ್ಲಿ ಒಂದೇ ಅಳತೆಯ ಚಿಕ್ಕ ಮನೆಗಳು; ಗೋಡೆಯ ಮೇಲೆ ಯೋಜನೆಯ ಹೆಸರು, ಒಡೆಯರ ಹೆಸರು ಬಣ್ಣದಲ್ಲಿ. ಇವೇ ಇಲ್ಲಿನವರ ಬಾಯಲ್ಲಿ ಘರಕುಲ.

ಸರಕಾರ ಹಳ್ಳಿಯ ಮನೆಗೆ ಕೈಹಾಕಿದ್ದು ಹೊಸದಲ್ಲ. 1957ರ ಗ್ರಾಮ ವಸತಿ ಯೋಜನೆ ಮನೆಯೊಂದಕ್ಕೆ 5,000 ರೂಪಾಯಿವರೆಗೆ ಸಾಲ ಕೊಡುತ್ತಿತ್ತು. ಸಾಲ ತೀರಿಸುವ ಶಕ್ತಿಯಿದ್ದವರಿಗೆ ಅದು ಒದಗಿರಬೇಕು. 1980ರವರೆಗೆ ದೇಶದಲ್ಲೆಲ್ಲ ಎದ್ದ ಮನೆಗಳು ಸುಮಾರು 67,000 ಮಾತ್ರ. 1985ರಲ್ಲಿ ಇಂದಿರಾ ಆವಾಸ್ ಬಂದ ಮೇಲೆ ಸಾಲದ ಬದಲು ಸಹಾಯಧನ. 2016ರಲ್ಲಿ ಅದು ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಾಯಿತು. ಬಯಲುಸೀಮೆಯ ಮನೆಗೆ 1,20,000 ರೂಪಾಯಿ. ನೂರಕ್ಕೆ 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ಕಟ್ಟಡ ಏರಿದಂತೆ ಫೋಟೋ ತೆಗೆದು ಕಳುಹಿಸಬೇಕು, ಕಂತುಗಳಾಗಿ ಹಣ ಖಾತೆಗೆ ಬರುತ್ತದೆ. ಅಡುಗೆಮನೆಯೂ ಸೇರಿ 25 ಚದರ ಮೀಟರಿಗೆ ಕಡಿಮೆಯಾಗಬಾರದು. ಸಾಲದ್ದಕ್ಕೆ ಸಾಲ ಎಂಬಂತೆ, ಬೇಕಾದವರಿಗೆ ಬ್ಯಾಂಕಿನಿಂದ 70,000 ರೂಪಾಯಿವರೆಗೆ ಕೊಡಿಸುವ ಏರ್ಪಾಡನ್ನೂ ಯೋಜನೆಯಲ್ಲಿ ಇಟ್ಟರು. ಕಾತಕರಿಗಳಂಥ ತೀರ ಹಿಂದುಳಿದ ಆದಿವಾಸಿಗಳಿಗೆ 2023ರಲ್ಲಿ ಹೊರಟ ಜನಮನ್ ಯೋಜನೆ ಮನೆಗೆ 2,00,000 ರೂಪಾಯಿ ಗೊತ್ತುಮಾಡಿತು.

ಇಷ್ಟನ್ನೂ ತಿಳಿದು, ಪರವಾಗಿಲ್ಲವೆಂದುಕೊಂಡು ಹಿಂದಿರುಗುತ್ತಿದ್ದೆವು. ಕಲ್ಯಾಣದ ಹಾದಿಯಲ್ಲಿ ಟೈರು ಪಂಕ್ಚರಾಗಿ ನಿಂತದ್ದು ಒಂದು ಇಟ್ಟಿಗೆ ಭಟ್ಟಿಯ ಮುಂದೆ. ದುಡಿಯುತ್ತಿದ್ದವರು ಕಾತಕರಿಗಳು, ಮಳೆಗಾಲ ಮುಗಿದೊಡನೆ ಸಂಸಾರ ಸಮೇತ ಭಟ್ಟಿಗೆ ಬಂದು, ಮುಂದಿನ ಮಳೆಗೆ ಪಾಡಾಕ್ಕೆ ಮರಳುವವರು. ಗಾರೆಯಿಲ್ಲದೆ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು, ಮೇಲೆ ಹುಲ್ಲು ಹೊದಿಸಿದ ಸೊಂಟದೆತ್ತರದ ಗುಡಿಸಲುಗಳು. ನಮ್ಮ ಹೆಂಗಸರು ಕುಡಿಯುವ ನೀರು ಕೇಳಿದರು. ನೀರು ತಂದ ಮುದುಕಿ ನಾವು ಓದುಬರಹದವರೆಂದು ಕಂಡು, ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದಳು. “ಕಾಕಾ, ಇದರಲ್ಲಿ ಏನಿದೆ ಹೇಳಿ.”

ಆಧಾರ್, ರೇಶನ್ ಕಾರ್ಡು, ಜಾತಿ ದಾಖಲೆ, ಪಾಸ್‌ಬುಕ್ಕು ಎಲ್ಲ ಇದ್ದವು. ಕೊನೆಯದು ಕಚೇರಿಯ ಪತ್ರ. ನಮ್ಮ ಕನ್ನಡದ ಮರಾಠಿಯಲ್ಲಿ ಗಟ್ಟಿಯಾಗಿ ಓದಿದೆವು, ಮಕ್ಕಳು ಹಿಂದೆ ನಿಂತು ಕಿಸಕ್ಕೆಂದರು. ಮನೆ ಕಟ್ಟುವ ಜಾಗದ ದಾಖಲೆ ಹಾಜರುಪಡಿಸಬೇಕು ಎಂದಿತ್ತು. ಆಕೆಯ ಗುಡಿಸಲಿರುವ ನೆಲದ ಸಾತ್‌ಬಾರಾದಲ್ಲಿ ಬೇರೆಯವರ ಹೆಸರು. ಮಾವನ ಕಾಲದಿಂದ ಅಲ್ಲೇ ಇದ್ದಾರಂತೆ, ಬರೆದುಕೊಟ್ಟವರಿಲ್ಲ. ಭೂಮಿಯಿಲ್ಲದವರಿಗೆ ಜಾಗ ಕೊಳ್ಳಲು ರಾಜ್ಯದ ಸಹಾಯಧನವೂ ಉಂಟೆಂದು ನಮ್ಮಲ್ಲೊಬ್ಬರು ಹೇಳಿದರು. “ಮಾರುವವರು ಬೇಕಲ್ಲ” ಎಂದಳು.

ಪತ್ರದ ಬೆನ್ನಿಗೆ, ಗ್ರಾಮಸೇವಕರಲ್ಲಿ ಮೊದಲು ಏನು ಕೇಳಬೇಕೆಂಬುದನ್ನು ಮರಾಠಿಯಲ್ಲಿ ಎರಡು ಸಾಲು ಬರೆದುಕೊಟ್ಟೆವು. ಅಷ್ಟರಲ್ಲಿ ಲಾರಿಗೆ ಇಟ್ಟಿಗೆ ತುಂಬುತ್ತಿದ್ದರು. ಎಲ್ಲಿಗೆ ಎಂದು ಹುಡುಗ ಕೇಳಿದ. “ಡೊಂಬಿವಲಿಗೆ” ಎಂದು ಮುದುಕಿ ಚೀಲದ ಬಾಯಿ ಕಟ್ಟಿ, ಗುಡಿಸಲ ಹುಲ್ಲಿನಡಿ ಸಿಕ್ಕಿಸಿ, ಕೆಲಸಕ್ಕೆ ಹೊರಟಳು.