ಮೇಘಕ್ಕೆ ಹೋದ ಕಲ್ಪಿತ ಲೆಕ್ಕ

ಕಳೆದ ವೈಶಾಖದಲ್ಲಿ ಕುಂದಾಪುರದ ನಮ್ಮ ಮನೆಯಂಗಳದಲ್ಲಿ ಎರಡು ಚಾಪೆ ತುಂಬ ಹರಡಿದ್ದ ಹಲಸಿನ ಹಪ್ಪಳವು ಮಳೆಗೆ ನೆನೆದು ಹಾಳಾಯಿತು. ಇದರಲ್ಲಿ ಬರೆಯತಕ್ಕದ್ದೇನೆಂದು ವಾಚಕರು ಕೇಳಬಹುದು. ಕಾರಣವು ವಿಚಿತ್ರವಾದುದರಿಂದ ಬರೆಯುತ್ತಿದ್ದೇವೆ.

ನಮ್ಮ ಕಿರಿಯ ಮಗನು ಎಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವನು. ರಜೆಗೆ ಬಂದಾಗ ರಾಸ್ಪ್‌ಬೆರಿ ಪೈ ಎಂಬ, ಇಸ್ಪೀಟಿನ ಎಲೆಯಷ್ಟೇ ಅಗಲದ ಗಣಕಯಂತ್ರವೊಂದನ್ನು ತಂದಿದ್ದನು. ಮಕ್ಕಳ ಕಲಿಕೆಗೆಂದು ಇಂಗ್ಲೆಂಡಿನ ಕೇಂಬ್ರಿಜ್ಜಿನವರು 2012ರಲ್ಲಿ ಹೊರತಂದುದಂತೆ. ಅದು ಎರಡೆರಡು ಸೆಕೆಂಡಿಗೊಮ್ಮೆ ಉಷ್ಣತೆ ಮತ್ತು ತೇವಾಂಶಗಳ ಅಂಕಿಗಳನ್ನು ಕ್ಲೌಡಿಗೆ ಕಳುಹಿಸುತ್ತಿತ್ತು; ಅವು ಅಲ್ಲಿಂದ ಮನೆಯವರೆಲ್ಲರ ಮೊಬೈಲಿನಲ್ಲಿ ಗೆರೆಯಾಗಿ ಮೂಡುತ್ತಿದ್ದುವು. ಮೇಘಸಂದೇಶವೆಂದರೆ ಕಾಳಿದಾಸನ ಯಕ್ಷನನ್ನಲ್ಲದೆ ಇನ್ನೊಬ್ಬನನ್ನು ನೆನೆಯದ ನಮಗೆ, ಈ ಮೇಘವು ಆಕಾಶದ್ದಲ್ಲ, ದೂರದ ಕಟ್ಟಡವೊಂದರಲ್ಲಿ ಸಾಲಾಗಿ ನಿಲ್ಲಿಸಿದ ಗಣಕಯಂತ್ರಗಳ ಸಮೂಹವೆಂದು ತಿಳಿದಾಗ ತುಸು ನಿರಾಶೆಯೇ ಆಯಿತು.

ನಮ್ಮ ಗೃಹಿಣಿಯು ಆ ಗೆರೆಯನ್ನು ನಂಬಿದಳು. ತೇವಾಂಶ 62 ಎಂದಿತ್ತು. ಹಪ್ಪಳಕ್ಕೆ ಪ್ರಶಸ್ತವಾದ ದಿನವೆಂದು ಹರಡಿಟ್ಟು, ಕೋಡಿಯಲ್ಲಿರುವ ತಂಗಿಯ ಮನೆಗೆ ಹೋದಳು. ಮಧ್ಯಾಹ್ನ ಮೋಡ ಕಟ್ಟಿ ಸುರಿಯಿತು. ಆಗ ನಾವು ನಿದ್ರೆಯಲ್ಲಿದ್ದೆವೆಂಬುದನ್ನೂ ಒಪ್ಪಿಕೊಳ್ಳಬೇಕು. ಎದ್ದು ನೋಡಿದರೆ ಸೂರಿನಿಂದ ನೀರು ಧಾರೆಯಾಗಿ ಇಳಿಯುತ್ತಿದೆ, ಮೊಬೈಲಿನಲ್ಲಿ ತೇವಾಂಶ 64!

ವಿಚಾರಿಸಲಾಗಿ ಮಗನೆಂದನು: "ಅಪ್ಪಯ್ಯ, ಸೆನ್ಸರ್ ಇನ್ನೂ ಬಂದೇ ಇಲ್ಲ. 60ರಿಂದ 80ರೊಳಗೆ ಯಾವುದಾದರೊಂದು ಅಂಕಿಯನ್ನು ಹುಟ್ಟಿಸೆಂದು ಯಂತ್ರಕ್ಕೆ ಹೇಳಿದ್ದೇನೆ. ದಾರಿ ಸರಿಯಿದೆಯೇ ಎಂದು ನೋಡುವುದಕ್ಕಷ್ಟೆ."

"ಹಾಗಾದರೆ ಇಷ್ಟು ದಿನವೂ ಸುಳ್ಳು ಕಳುಹಿಸಿದೆಯಾ?"

"ಸುಳ್ಳಲ್ಲ, ಪರೀಕ್ಷೆ. ಈಗ ಅಂಕಿ ತಲುಪದಿದ್ದರೆ ದೋಷ ದಾರಿಯದೆಂದು ಗೊತ್ತಾಗುತ್ತದೆ. ಸೆನ್ಸರನ್ನೂ ಸೇರಿಸಿದ ಮೇಲೆ ಕೆಟ್ಟರೆ ಯಾವುದನ್ನು ಸಂದೇಹಿಸುವುದು, ನೀವೇ ಹೇಳಿ."

ಕೋಪ ಬಂದಿತ್ತಾದರೂ ಮಾತು ಸರಿಯಾಗಿಯೇ ಇತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ನಾವು ಸಂಸ್ಕೃತ ತರಗತಿಯಲ್ಲಿ ದೇವದತ್ತನನ್ನು ಊರಿಗೆ ಕಳುಹಿಸಿದ್ದೇವೆ, ಅವನಿಂದ ಅನ್ನ ಬೇಯಿಸಿದ್ದೇವೆ. ಅಂಥವನೊಬ್ಬನಿಲ್ಲ, ವಿಭಕ್ತಿಯು ಹೊಂದುವುದೋ ಇಲ್ಲವೋ ಎಂದು ನೋಡಲು ಅವನು ಬೇಕು. ಆದರೆ ದೇವದತ್ತನನ್ನು ಯಾರೂ ಜನಗಣತಿಯಲ್ಲಿ ಬರೆಸುವುದಿಲ್ಲ.

ಹೀಗೆಂದುಕೊಳ್ಳುತ್ತಿರುವಾಗಲೇ ಹಳೆಯದೊಂದು ಸಂಗತಿಯು ನೆನಪಿಗೆ ಬಂದು ಬಾಯಿ ಕಟ್ಟಿತು. 1991ರಲ್ಲಿ ನಾವು ಬೈಂದೂರಿನ ಕಡೆಯ ಶಾಲೆಯೊಂದರಲ್ಲಿದ್ದೆವು. ಅಂಗಳದ ಮಳೆಮಾಪಕದ ಹೊಣೆ ನಮ್ಮದು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅದರಲ್ಲಿ ಕೂಡಿದ ನೀರನ್ನು ಗೆರೆ ಹಾಕಿದ ಗಾಜಿನ ಪಾತ್ರೆಗೆ ಹೊಯ್ದು, ಮಿಲಿಮೀಟರ್ ಎಷ್ಟೆಂದು ಪುಸ್ತಕದಲ್ಲಿ ಬರೆಯಬೇಕು. ಜುಲೈ ತಿಂಗಳಲ್ಲಿ ಹೊಳೆಯುಕ್ಕಿ ಎರಡು ದಿನ ದಾಟಲಾಗಲಿಲ್ಲ. ಮೂರನೆಯ ದಿನ ಹೋದರೆ ಪಾತ್ರೆ ತುಂಬಿ ಚೆಲ್ಲಿತ್ತು. ಆ ಮನೆಗಳನ್ನು ಖಾಲಿ ಬಿಡುವುದರ ಬದಲು, ಅಂದಾಜಿನಿಂದ 96 ಎಂದೂ 110 ಎಂದೂ ತುಂಬಿ ಸಹಿ ಹಾಕಿದೆವು. ಯಾರೂ ಕೇಳಲಿಲ್ಲ. ಅಂಕಿಗಳು ದುಂಡಗಿರಬಾರದೆಂದು 100ನ್ನು ಬಿಟ್ಟು 96 ಬರೆದ ಜಾಣತನವೇ ಈಗ ಹೆಚ್ಚು ನೋಯಿಸುತ್ತದೆ. ಅವು ಆ ತಿಂಗಳ ಮೊತ್ತಕ್ಕೆ ಸೇರಿದುವು. ಮುಂದೆ ಯಾವ ಸರಾಸರಿಗೆ ಸೇರಿದುವೋ!

ಈ ಸಂಗತಿಯನ್ನು ಯಾರಲ್ಲಿಯೂ ಹೇಳಿರಲಿಲ್ಲ; ಅಂದು ಮಗನಿಗೆ ಹೇಳಿದೆವು. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಂತ್ರದ ಪ್ರತಿಯೊಂದು ಸಂದೇಶಕ್ಕೂ 'ಕಲ್ಪಿತ' ಎಂಬ ಪದವನ್ನು ಸೇರಿಸಿದನು. ಮೊಬೈಲಿನ ಗೆರೆಯು ಕೆಂಪಾಯಿತು.

ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮಪಂಚಾಯತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಕಳುಹಿಸುತ್ತವೆ. ಅದಕ್ಕಾಗಿ ಮೇಷ್ಟರು ಹೊಳೆ ದಾಟಬೇಕಾಗಿಲ್ಲ. ಮಗನಿಗೆ ತನ್ನ ಅಂಕಿಗಳನ್ನು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಲೆಕ್ಕದೊಡನೆ ತಾಳೆನೋಡುವ ಆಸೆಯಿದೆ.

ಸೆನ್ಸರ್ ಜ್ಯೇಷ್ಠದ ಕೊನೆಗೆ ಬಂದಿತು. ಕೆಂಪು ಹೋಗಿ ಮೂಡಿದ ಮೊದಲ ಅಂಕಿ 91. ಅಷ್ಟರಲ್ಲಿ ಹಪ್ಪಳದ ಕಾಲ ಮುಗಿದಿತ್ತು.