ಗೋಡೆಗೊತ್ತಿದ ಸೋಫಾ, ಬೆನ್ನ ಹಿಂದಣ ದನಿ

ಮನೆಯಲ್ಲಿ ಕುಳಿತು ಚಲಚ್ಚಿತ್ರವನ್ನು ನೋಡುವವರಿಗೆ ಸುತ್ತಲಿಂದಲೂ ಧ್ವನಿ ಕೇಳಿಬರಬೇಕೆಂಬ ಆಶೆಯು ಈಚೆಗೆ ನಮ್ಮ ಊರುಗಳಲ್ಲಿಯೂ ಬೆಳೆದಿರುವುದು ವಾಚಕರಿಗೆ ವಿದಿತವೇ. ಮುಂದೆ ಮೂರು ಸ್ಪೀಕರುಗಳು, ಹಿಂಬದಿಗೆ ಎರಡು, ತಗ್ಗಿನ ಸ್ವರಕ್ಕೆಂದು ಬೇರೊಂದು, ಇದಕ್ಕೆ 5.1 ಎಂದು ಹೆಸರು. ಆದರೆ ಈ ಏರ್ಪಾಟು ಒಪ್ಪುವುದು ಆಸನದ ಹಿಂದೆ ಬಯಲುಳ್ಳ ಕೋಣೆಗೆ. ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ ಆಸನವಿರುವುದು ಗೋಡೆಯ ಬುಡದಲ್ಲಿ. ಹಿಂದೆ ಸ್ಥಳವೇ ಇಲ್ಲದ ಮೇಲೆ ಹಿಂದಿನ ಸ್ಪೀಕರುಗಳನ್ನು ಇಡತಕ್ಕುದೆಲ್ಲಿ?

ಸೋಫಾವನ್ನು ಮುಂದಕ್ಕೆಳೆಯಿರೆಂಬುದು ಬಲ್ಲವರ ಮೊದಲ ಉತ್ತರ. ಉತ್ತರವು ಸಾಧುವೇ, ಒಂದೆರಡು ಅಡಿ ದೊರೆತರೂ ಲಾಭವುಂಟು. ನಮ್ಮಲ್ಲಿ ಮಾತ್ರ ಅದು ನಡೆಯುವಂತಿರಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಂದಿನಿಂದ ನಮ್ಮ ಗೃಹಿಣಿಯು ವಾಕರು ಹಿಡಿದು ನಡೆಯುವಳು. ಹತ್ತಡಿಯ ಕೋಣೆಯಲ್ಲಿ ಸೋಫಾ ಮುಂದೆ ಬಂದರೆ ಆಕೆಯ ದಾರಿಯೇ ಮುಚ್ಚುವುದು. ಸೋಫಾದ ಎಡತುದಿಯು ಆಕೆಯ ಸ್ಥಾನ. ಅಲ್ಲಿನ ತೋಳನ್ನು ಊರಿಕೊಂಡೇ ಆಕೆ ಏಳಬೇಕು. ಯಂತ್ರವನ್ನು ಜೋಡಿಸಲು ಬಂದ ತರುಣನು ಸ್ಪೀಕರುಗಳೆರಡನ್ನೂ ಸೋಫಾದ ಎರಡು ಪಕ್ಕಗಳಲ್ಲಿ ಕಿವಿಯ ಮಟ್ಟಕ್ಕೇ ನಿಲ್ಲಿಸಿ ಹೊರಟುಹೋದನು. ಆ ರಾತ್ರಿ ಚಿತ್ರದೊಳಗಿನ ಮಳೆಯೆಲ್ಲ ಆಕೆಯ ಎಡಗಿವಿಯ ಮೇಲೆಯೇ ಸುರಿಯಿತು. “ನಿಮ್ಮ ಸಿನಿಮಾ ನಿಮಗಿರಲಿ” ಎಂದು ಒಳಮನೆಗೆ ಹೋದವಳು ನಾಲ್ಕು ದಿನ ಈಚೆಗೆ ಬರಲಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಎದ್ದುಹೋದ ಮೇಲೆ ಆರು ಸ್ಪೀಕರುಗಳಿಂದ ಆಗಬೇಕಾದುದೇನು?

ಶಬ್ದವು ಹರಡುವ ಬಗೆಗೆ ನಮ್ಮ ತಾರ್ಕಿಕರು ಎರಡು ದೃಷ್ಟಾಂತಗಳನ್ನು ಕೊಡುವರು: ನೀರಿನ ಅಲೆಯಂತೆ ಎಂಬುದೊಂದು, ಕದಂಬದ ಮೊಗ್ಗಿನಂತೆ ಎಂಬುದಿನ್ನೊಂದು. ಎಲ್ಲ ದಿಕ್ಕಿಗೂ ಒಮ್ಮೆಗೇ ಬಿರಿಯುವ ಆ ಮೊಗ್ಗೇ ಇಲ್ಲಿ ಉಪಯುಕ್ತವಾದುದು. ಬಿರಿದು ಹರಡಿದಷ್ಟೂ ಬಲವು ತೆಳುವಾಗುವುದು; ಬಯಲಿನಲ್ಲಿ ದೂರವು ಇಮ್ಮಡಿಸಿದರೆ ಧ್ವನಿಯು 6 ಡೆಸಿಬೆಲ್ಲಿನಷ್ಟು ಇಳಿಯುವುದೆಂದು ಇಂದಿನ ಭೌತಶಾಸ್ತ್ರದ ಲೆಕ್ಕ. ನಮ್ಮ ಗೃಹಿಣಿಯ ತಲೆಗೆ ಎಡದ ಸ್ಪೀಕರು ಒಂದೂವರೆ ಅಡಿ, ಬಲದ್ದು ಆರಡಿ. ನಾಲ್ಮಡಿ, ಅಂದರೆ 12 ಡೆಸಿಬೆಲ್ಲಿನ ಅಂತರ. ಅವೆರಡನ್ನೂ ಕಿವಿಯಿಂದ ಮೂರಡಿ ಮೇಲಕ್ಕೇರಿಸಿದರೋ? ಭುಜ, ಕೋಟಿ, ಕರ್ಣಗಳ ಲೆಕ್ಕ ಮಾಡಿ ನೋಡಿರಿ (ಕರ್ಣವೆಂದರೆ ಕಿವಿಯೂ ಹೌದಷ್ಟೆ): ಒಂದು ಸುಮಾರು 3.35 ಅಡಿ, ಇನ್ನೊಂದು 6.7 ಅಡಿ. ಅಂತರವು ಇಮ್ಮಡಿಗೆ ಇಳಿಯಿತು, 6 ಡೆಸಿಬೆಲ್ ಉಳಿಯಿತು.

ಸ್ಪೀಕರು ಕಿವಿಯ ಮಟ್ಟದಲ್ಲಿ ಅಥವಾ ತುಸುವೇ ಮೇಲಿರಬೇಕೆಂದು ಕೈಪಿಡಿಗಳು ಹೇಳುವುದುಂಟು. ಹೇಳಲಿ, ಅವನ್ನು ಬರೆದವರು ನಮ್ಮ ಸೋಫಾದ ಎಡತುದಿಯಲ್ಲಿ ಕುಳಿತವರಲ್ಲ. ನಾವು ನೆಲದಿಂದ ಆರೂವರೆ ಅಡಿಯ ಎತ್ತರದಲ್ಲಿ ಪಕ್ಕದ ಗೋಡೆಗಳಿಗೇ ಮೊಳೆ ಹೊಡೆಸಿದೆವು. ಸ್ಪೀಕರಿನ ಮುಖವು ಕೆಳಗಿನ ತಲೆಯನ್ನು ನೋಡದೆ ಎದುರು ಗೋಡೆಯನ್ನು ನೋಡುವಂತಿಟ್ಟೆವು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿ.ಎಸ್. 775 ಎಂಬ ಶಿಫಾರಸು ಎದುರಿನ ಮಧ್ಯರೇಖೆಯಿಂದ 100ರಿಂದ 120 ಅಂಶಗಳ ಕೋನವನ್ನು ಬಯಸುತ್ತದೆ. ಬೆನ್ನಿಗೆ ಗೋಡೆಯಿರುವವರಿಗೆ 90ಕ್ಕಿಂತ ಕೊಂಚ ಹಿಂದೆ ದೊರೆತರೆ ಅದೇ ಬಹಳ. 7.1 ಎಂದು ಹಿಂದೆ ಇನ್ನೂ ಎರಡನ್ನು ಮಾರಲು ಬಂದರೆ ಇಂಥ ಮನೆಯವರು ಕೈಮುಗಿದು ಕಳುಹಿಸತಕ್ಕುದು.

ತಲೆಯ ಹಿಂದಿನ ಗೋಡೆಗೆ ದಪ್ಪ ಕೌದಿಯೊಂದನ್ನು ತೂಗಹಾಕಿದುದರಿಂದ ಮಾತಿನ ಮರುದನಿಯು ಮೆತ್ತಗಾಯಿತು. ತಗ್ಗಿನ ಗುಡುಗಿಗೆ ಕೌದಿಯ ಹಂಗಿಲ್ಲ. ಗೋಡೆಯ ಬಳಿ ಅದು ಉಬ್ಬಿಯೇ ಕೇಳುವುದು. ಸಬ್‌ವೂಫರಿನ ಗುಂಡಿಯನ್ನು ತಿರುಗಿಸಿ ತಗ್ಗಿಸುವುದೊಂದೇ ಮದ್ದು.

ಕೊನೆಗೆ ಉಳಿದುದು, ಯಂತ್ರದ ಜೊತೆಗೆ ಬಂದ ಚಿಕ್ಕ ಮೈಕಿನಿಂದ ದೂರಗಳನ್ನು ಅಳೆಯಿಸುವ ಕೆಲಸ. ಧ್ವನಿಯು ಸೆಕೆಂಡಿಗೆ ಸುಮಾರು 1,125 ಅಡಿ ಚಲಿಸುವುದರಿಂದ ಹತ್ತಿರದ ಸ್ಪೀಕರನ್ನು ಯಂತ್ರವು ಅಷ್ಟಿಷ್ಟು ತಡೆದು, ಅದರ ದನಿಯನ್ನೂ ಇಳಿಸಿ, ಎಲ್ಲವನ್ನೂ ಕೇಳುವವನ ಬಳಿ ಒಟ್ಟುಗೂಡಿಸುವುದು. ಮೈಕನ್ನು ಸೋಫಾದ ನಡುವೆ ಇಡುವುದು ರೂಢಿ. ನಾವು ಅದನ್ನು ಎಡತುದಿಯಲ್ಲಿ, ನಮ್ಮ ಗೃಹಿಣಿಯ ಕಿವಿಯ ಎತ್ತರಕ್ಕೆ ಇಟ್ಟೆವು. ಬಲತುದಿಯಲ್ಲಿ ಕುಳಿತ ನಮಗೆ ಈಗ ಮಳೆಯು ಬಲಗಡೆಯೇ ಹೆಚ್ಚಾಗಿ ಸುರಿಯುವುದು.