ಗೆದ್ದ ಊರಿನಲ್ಲಿ ಸೋತವರು

2023ರ ಮೇ 21, ಭಾನುವಾರ. ಅಂದು ಐಪಿಎಲ್ ಲೀಗ್ ಹಂತದ ಕೊನೆಯ ದಿನ. ಪ್ಲೇಆಫ್‌ನ ಮೂರು ಸ್ಥಾನಗಳು ಆಗಲೇ ಭರ್ತಿಯಾಗಿದ್ದವು. ಉಳಿದ ಒಂದು ಸ್ಥಾನಕ್ಕಾಗಿ ನಾವು ಹುಟ್ಟಿದ ನಾಡಿನ ತಂಡವೂ ನಾವು ಬದುಕು ಕಟ್ಟಿಕೊಂಡ ಊರಿನ ತಂಡವೂ ಎದುರುಬದುರಾಗದೆಯೇ ಹೋರಾಡಬೇಕಿತ್ತು.

ಮಧ್ಯಾಹ್ನ ವಾಂಖೆಡೆಯಲ್ಲಿ ಹೈದರಾಬಾದ್ 200 ರನ್ ಗಳಿಸಿದಾಗ ನಮ್ಮ ಆಸೆ ಚಿಗುರಿತು. ಕ್ಯಾಮರೂನ್ ಗ್ರೀನ್ ಶತಕ ಬಾರಿಸಿ ಆ ಚಿಗುರನ್ನು ಚಿವುಟಿದ. ಮುಂಬೈಗೆ 16 ಅಂಕಗಳಾದವು, ನಮಗೆ 14. ರಾತ್ರಿ ಗುಜರಾತ್ ವಿರುದ್ಧ ಗೆದ್ದರೆ ರನ್ ರೇಟಿನ ಬಲದಿಂದ ನಾವು ಒಳಗೆ. ಸೋತರೆ, ಅಥವಾ ಮಳೆಯಿಂದ ಪಂದ್ಯ ರದ್ದಾದರೆ ಮುಂಬೈ ಒಳಗೆ. ಅಂದು ಬೆಂಗಳೂರಿನಲ್ಲಿ ಮಳೆ ಬರುತ್ತಿತ್ತು. ಡೊಂಬಿವಲಿಯ ನಮ್ಮ ಮನೆಯಲ್ಲಿ ಕುಳಿತು ನಾವು ದಂಪತಿ, ಚಿನ್ನಸ್ವಾಮಿ ಕ್ರೀಡಾಂಗಣದ ನೆಲ ನೀರನ್ನು ಬೇಗ ಹೀರಿಕೊಳ್ಳಲೆಂದು ಹಾರೈಸುತ್ತಿದ್ದೆವು.

ತಡವಾಗಿಯಾದರೂ ಪಂದ್ಯ ನಡೆಯಿತು. ಕೊಹ್ಲಿ 61 ಎಸೆತಗಳಲ್ಲಿ ಅಜೇಯ 101 ಗಳಿಸಿದರು. ಅದು ಐಪಿಎಲ್‌ನಲ್ಲಿ ಅವರ ಏಳನೆಯ ಶತಕ. ಅಲ್ಲಿಯವರೆಗೆ ಯಾರೂ ಅಷ್ಟು ಗಳಿಸಿರಲಿಲ್ಲ. ತಂಡದ ಮೊತ್ತ 197. ಆದರೆ ಶುಭ್‌ಮನ್ ಗಿಲ್ 52 ಎಸೆತಗಳಲ್ಲಿ ಅಜೇಯ 104 ಗಳಿಸಿ, ಕೊನೆಯ ಓವರಿನಲ್ಲಿ ಒಂದು ಸಿಕ್ಸರ್‌ನಿಂದ ತನ್ನ ಶತಕವನ್ನೂ ಪಂದ್ಯವನ್ನೂ ಒಟ್ಟಿಗೆ ಮುಗಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಕ್ಷಣದಲ್ಲಿ ನಮ್ಮ ಕಟ್ಟಡದ ಮಹಡಿ ಮಹಡಿಗಳಿಂದ ಹರ್ಷೋದ್ಗಾರ ಎದ್ದಿತು. ಅದನ್ನು ಸಹಿಸಬಹುದಿತ್ತು. ಆದರೆ ಪಕ್ಕದಲ್ಲಿದ್ದ ಹದಿನಾಲ್ಕು ವರ್ಷದ ಮಗಳೂ ಚಪ್ಪಾಳೆ ತಟ್ಟಿದಳು. “ನೀನು ಯಾರ ಮಗಳು?” ಎಂದು ಕೇಳಿಬಿಟ್ಟೆವು. ಅವಳು ಮಾತಾಡದೆ ಎದ್ದು ಒಳಗೆ ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಸೋತವರು ಮಾಡುವಂತೆ ನಾವೂ ಲೆಕ್ಕ ಹಾಕಿದೆವು. ಏಪ್ರಿಲ್ 10ರಂದು ಇದೇ ಅಂಗಳದಲ್ಲಿ 212 ಗಳಿಸಿಯೂ ಲಖನೌಗೆ ಕೊನೆಯ ಎಸೆತದ ಒಂದು ಬೈ ರನ್ನಿನಿಂದ ಸೋತಿದ್ದೆವು. ಮೇ 9ರಂದು ವಾಂಖೆಡೆಯಲ್ಲಿ ನಮ್ಮ 199ನ್ನು ಮುಂಬೈ 16.3 ಓವರುಗಳಲ್ಲೇ ದಾಟಿತ್ತು. ಹದಿನಾಲ್ಕು ಪಂದ್ಯಗಳಲ್ಲಿ ಏಳನ್ನು ಗೆದ್ದು ಏಳನ್ನು ಸೋತ ತಂಡ ಕೊನೆಯ ದಿನವನ್ನು ದೂರುವುದು ನ್ಯಾಯವಲ್ಲ. ಏಪ್ರಿಲ್‌ನ ಎರಡು ಅಂಕಗಳಿಗೂ ಮೇ ತಿಂಗಳ ಎರಡು ಅಂಕಗಳಿಗೂ ತೂಕ ಒಂದೇ. ಏಪ್ರಿಲ್‌ನಲ್ಲಿ ಕಳೆದುಕೊಂಡದ್ದನ್ನು ಮತ್ತೆ ಗಳಿಸಬಹುದೆಂಬ ಭರವಸೆ ಇರುತ್ತದೆ, ಮೇ ತಿಂಗಳಲ್ಲಿ ಅದು ಇರುವುದಿಲ್ಲ. ವ್ಯತ್ಯಾಸ ಅಷ್ಟೇ.

ಲೆಕ್ಕ ಮುಗಿದರೂ ಮಗಳಿಗೆ ಆಡಿದ ಮಾತು ಮುಗಿಯಲಿಲ್ಲ. ನಾವು ಕಣ್ಣೀರು ಹಾಕುತ್ತಿದ್ದುದು ಯಾರಿಗಾಗಿ? ಕೊಹ್ಲಿ ದೆಹಲಿಯವರು, ನಾಯಕ ಡು ಪ್ಲೆಸಿ ದಕ್ಷಿಣ ಆಫ್ರಿಕದವರು. 2008ರಿಂದ ಒಂದೇ ತಂಡದಲ್ಲಿ ಉಳಿದ ಕೊಹ್ಲಿಯನ್ನು ಬೆಂಗಳೂರು ತನ್ನವನೆಂದೇ ಎದೆಗಪ್ಪಿಕೊಂಡಿದೆ. “ನೀನು ಯಾರ ಮಗ?” ಎಂದು ಅಲ್ಲಿ ಯಾರೂ ಕೇಳಲಿಲ್ಲ, ನಾವಂತೂ ಕೇಳಲಿಲ್ಲ. ದೆಹಲಿಯ ಹುಡುಗ ಬೆಂಗಳೂರಿನವನಾಗಬಹುದಾದರೆ, ಮುಂಬೈಯಲ್ಲಿ ಹುಟ್ಟಿ, ಮುಂಬೈಯ ಲೋಕಲ್ ರೈಲುಗಳಲ್ಲಿ ಬೆಳೆದ ಹುಡುಗಿ ಮುಂಬೈಯವಳಾಗಬಾರದೇಕೆ? ಅವಳು ನಮ್ಮೊಡನೆ ಕನ್ನಡದಲ್ಲೇ ಜಗಳವಾಡುತ್ತಾಳೆ. ಅದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ಕೇಳುವ ಹಕ್ಕು ನಮಗಿರಲಿಲ್ಲ.

ಬುಧವಾರ ಚೆನ್ನೈಯಲ್ಲಿ ಮುಂಬೈಗೆ ಎಲಿಮಿನೇಟರ್ ಪಂದ್ಯ. ಮಗಳು ತನ್ನ ಕೋಣೆಯಲ್ಲಿ ಮೊಬೈಲಿನಲ್ಲೇ ನೋಡಲು ಕುಳಿತಿದ್ದಳು. ಅವಳನ್ನು ಹೊರಗೆ ಕರೆದು ಟಿವಿ ಹಚ್ಚಿದೆವು. “ನೀವು ಯಾರ ಕಡೆ?” ಎಂದು ಅನುಮಾನದಿಂದಲೇ ಕೇಳಿದಳು. ಎದುರಾಳಿ ಲಖನೌ, ಏಪ್ರಿಲ್‌ನ ಆ ಒಂದು ರನ್ನಿನ ಬಾಕಿ ನಮ್ಮಲ್ಲಿ ಇನ್ನೂ ತೀರಿರಲಿಲ್ಲ. ಆಕಾಶ್ ಮಧ್ವಾಲ್ ಬರೀ 5 ರನ್ ಕೊಟ್ಟು 5 ವಿಕೆಟ್ ಕಿತ್ತು, ಮುಂಬೈ 81 ರನ್ನುಗಳಿಂದ ಗೆದ್ದಾಗ ನಾವೂ ಚಪ್ಪಾಳೆ ತಟ್ಟಿದೆವು. ಅದು ಲಖನೌ ಮೇಲಿನ ಸಿಟ್ಟಿನಿಂದಲೆಂದು ಮಗಳಿಗೆ ಹೇಳಿದೆವು. ಅವಳು ನಂಬಲಿಲ್ಲ.